ತೋಳಿನ ಸೆನ್ಸರ್ ಹೇಳುವ ಶುಗರ್: ಎಷ್ಟು ನಂಬಬೇಕು?

ಕಳೆದ ರಂಝಾನ್‌ನ ಒಂದು ರಾತ್ರಿ. ತರಾವೀಹ್ ಮುಗಿಸಿ ಬಂದು ಮಲಗಿದ್ದೆವು. ಎರಡು ಗಂಟೆಗೆ ಮೊಬೈಲ್ ಬಡಿದುಕೊಂಡಿತು. ದಮ್ಮಾಮ್‌ನಿಂದ ತಮ್ಮ. “ಉಮ್ಮನ ಶುಗರ್ 58 ತೋರಿಸ್ತಾ ಉಂಟು, ಬೇಗ ಎಬ್ಬಿಸಿ ಸಕ್ಕರೆ ಕೊಡಿ” ಅಂದ. ರಜೆಗೆ ಬಂದಾಗ ಉಮ್ಮನ ತೋಳಿಗೆ ಸೆನ್ಸರ್ ಅಂಟಿಸಿ ಹೋದವನು ಅವನೇ. ಇಲ್ಲಿ ಹುನಗುಂದದಲ್ಲಿ ಉಮ್ಮ ಮಲಗಿದ್ದರೂ ಅಲ್ಲಿ ಅವನ ಮೊಬೈಲಿಗೆ ಅಂಕೆ ಹೋಗುತ್ತದೆ.

ಉಮ್ಮನನ್ನು ಎಬ್ಬಿಸಿದೆವು. ಬೆವರಿಲ್ಲ, ನಡುಕವಿಲ್ಲ. “ಎಂತಕ್ಕೆ ಎಬ್ಬಿಸಿದ್ದು?” ಎಂದು ಗದರಿದರು. ಹಳೆ ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದರೆ 121! ಸೆನ್ಸರ್ ಇದ್ದ ಎಡತೋಳನ್ನೇ ಒತ್ತಿಕೊಂಡು ಮಲಗಿದ್ದರು, ಅಷ್ಟೆ.

ಅದನ್ನು ನೆನೆದು ನಕ್ಕೆವು. ಆದರೆ ವಾರದ ನಂತರ ನಗುವ ಹಾಗೆ ಇರಲಿಲ್ಲ. ವೈದ್ಯರ ಮಾತಿನಂತೆ ಉಪವಾಸ ಬಿಟ್ಟಿದ್ದ ಉಮ್ಮ ಇನ್ಸುಲಿನ್ ತೆಗೆದುಕೊಂಡು, ಊಟ ಮಾತ್ರ ಅರ್ಧ ಮಾಡಿದ್ದರು. ಅಸರ್‌ಗೆ ಮೊದಲು ಮೈ ಬೆವರಿತು. ಸೆನ್ಸರ್ ನೋಡಿದರೆ 88. “88 ಉಂಟಲ್ಲ, ಬಿಸಿಲಿಗೆ ಹಾಗೆ ಆಗಿರಬೇಕು” ಎಂದು ಸುಮ್ಮನಿದ್ದೆವು. ಪಕ್ಕದಲ್ಲಿದ್ದ ಕೆಳಮುಖದ ಬಾಣವನ್ನು ಗಮನಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಉಮ್ಮನ ಮಾತು ತೊದಲಿತು. ಬೆರಳು ಚುಚ್ಚಿದಾಗ 54. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದೆವು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆವು. ಅಲ್‌ಹಮ್ದುಲಿಲ್ಲಾಹ್, ಸುಧಾರಿಸಿದರು. ಅಂಕೆಯನ್ನು ನಂಬಿ ಎದುರಿಗಿದ್ದ ಉಮ್ಮನನ್ನು ನಂಬಲಿಲ್ಲವಲ್ಲ ಎಂಬ ಕೊರಗು ಇವತ್ತಿಗೂ ಉಂಟು.

ನೆರೆಮನೆಯ ಹಿರಿಯರು ಕೇಳಿದರು: “ಉಸ್ತಾದ್ರ, ಹಂಗಾರ ಈ ಮಷಿನ್ ಖರೇನೋ ಸುಳ್ಳೋ?” ಆಗ ನಾವು ವೈದ್ಯರಲ್ಲಿ ಕೇಳಿ, ಪೊಟ್ಟಣದ ಸೂಚನೆ ಓದಿ ತಿಳಿದುಕೊಂಡದ್ದು ಇಷ್ಟು.

ಸೆನ್ಸರ್ ರಕ್ತವನ್ನು ಅಳೆಯುವುದಿಲ್ಲ. ಅದರ ಕೂದಲಿನಂಥ ಎಳೆ ಚರ್ಮದಡಿಯ ಜೀವಕೋಶಗಳ ನಡುವಿನ ದ್ರವದಲ್ಲಿ ಇರುತ್ತದೆ. ಸಕ್ಕರೆ ಮೊದಲು ರಕ್ತದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ, ಆ ದ್ರವಕ್ಕೆ ಅದು ಮುಟ್ಟುವುದು ಸುಮಾರು 5ರಿಂದ 15 ನಿಮಿಷ ತಡವಾಗಿ. ಆಲಮಟ್ಟಿಯಿಂದ ಕಾಲುವೆಗೆ ನೀರು ಬಿಟ್ಟ ಕೂಡಲೇ ಕೊನೆಯ ಹೊಲಕ್ಕೆ ಮುಟ್ಟುತ್ತದೆಯೇ? ಇದೂ ಹಾಗೆ. ಶುಗರ್ ಒಂದೇ ಮಟ್ಟದಲ್ಲಿದ್ದರೆ ಎರಡೂ ಅಂಕೆ ಹತ್ತಿರ ಇರುತ್ತವೆ. ಊಟದ ನಂತರ ಏರುವಾಗ, ಇನ್ಸುಲಿನ್‌ನಿಂದ ಇಳಿಯುವಾಗ ದೂರವಾಗುತ್ತವೆ. ಉಮ್ಮನಿಗೆ ಆದದ್ದು ಇದೇ.

ಹಾಗೆಂದು ಬೆರಳಿನ ಮೀಟರ್ ಪೂರ್ತಿ ಖರೆ ಎಂದೂ ಅಲ್ಲ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ (ಐಎಸ್‌ಒ 15197, 2013) ಮೀಟರಿನ 100 ಓದುಗಳಲ್ಲಿ 95 ಓದುಗಳಾದರೂ ಲ್ಯಾಬ್ ಅಂಕೆಯ ಶೇ. 15ರೊಳಗೆ ಇರಬೇಕು, ಶುಗರ್ 100ಕ್ಕಿಂತ ಕಡಿಮೆ ಇದ್ದರೆ 15 ಅಂಕೆಯೊಳಗೆ. ಅಂದರೆ ನಿಜ 100 ಇದ್ದಾಗ 85 ತೋರಿಸಿದರೂ 115 ತೋರಿಸಿದರೂ ಮೀಟರ್ ಪಾಸ್. ಈಗಿನ ಒಳ್ಳೆಯ ಸೆನ್ಸರ್‌ಗಳ ಸರಾಸರಿ ವ್ಯತ್ಯಾಸ ಸುಮಾರು ಶೇ. 9. ಮೀಟರ್ 110, ಸೆನ್ಸರ್ 98 ಎಂದರೆ ಎರಡೂ ಸುಳ್ಳಲ್ಲ. 121 ಮತ್ತು 58 ಎಂದರೆ ಕಾರಣ ಹುಡುಕಬೇಕು.

ಕಾರಣಗಳು ಹಲವು. ತೋಳು ಒತ್ತಿ ಮಲಗಿದರೆ ಸುಳ್ಳು ‘ಲೋ’. ಅಂಟಿಸಿದ ಮೊದಲ ದಿನ ಅಂಕೆ ಏರುಪೇರು. ವಿಟಮಿನ್ ಸಿ ಮಾತ್ರೆ ಹೆಚ್ಚು ತಿಂದರೆ ಕೆಲವು ಸೆನ್ಸರ್‌ಗಳಲ್ಲಿ ಸುಳ್ಳು ‘ಹೈ’. ನಮ್ಮ ಕಡೆಯ ಬಿಸಿಲಿಗೆ ಬೆವರಿ ಅಂಟು ಬಿಟ್ಟರೂ ಕಷ್ಟ. ಕೆಲವೊಮ್ಮೆ ತಯಾರಿಕೆಯಲ್ಲೇ ದೋಷ ಇರುತ್ತದೆ. 2025ರ ನವೆಂಬರ್‌ನಲ್ಲಿ ಅಬಾಟ್ ಕಂಪೆನಿಯೇ ತನ್ನ ಫ್ರೀಸ್ಟೈಲ್ ಲಿಬ್ರೆ 3 ಮತ್ತು 3 ಪ್ಲಸ್‌ನ ಕೆಲವು ಸೆನ್ಸರ್‌ಗಳು ನಿಜಕ್ಕಿಂತ ಕಡಿಮೆ ಅಂಕೆ ತೋರಿಸುತ್ತವೆ ಎಂದು ಎಚ್ಚರಿಸಿತು. ಜಗತ್ತಿನಲ್ಲಿ 7 ಸಾವುಗಳಿಗೆ ಇದರ ನಂಟು ಇರಬಹುದು ಎಂದೂ ವರದಿಯಾಯಿತು. ಗಲ್ಫ್‌ನಿಂದ ತರಿಸಿದವರು ಪೊಟ್ಟಣ ಎಸೆಯಬೇಡಿ, ಅದರ ಸೀರಿಯಲ್ ನಂಬರ್‌ನಿಂದಲೇ ತಪಾಸಣೆ.

ಇನ್ನೊಂದು ಮಾತು. ಸೂಜಿಯೇ ಇಲ್ಲದೆ ಶುಗರ್ ತೋರಿಸುತ್ತೇವೆ ಎನ್ನುವ ವಾಚ್, ಉಂಗುರಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅಂಥ ಒಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಅವುಗಳ ಅಂಕೆ ನೋಡಿ ಇನ್ಸುಲಿನ್ ಹಾಕಿಕೊಂಡರೆ ಜೀವಕ್ಕೇ ಅಪಾಯ.

ಹಾಗಾದರೆ ಸೆನ್ಸರ್ ಬೇಡವೇ? ಬೇಕು. ಯಾವ ಊಟಕ್ಕೆ ಎಷ್ಟು ಏರಿತು, ರಾತ್ರಿ ನಿದ್ದೆಯಲ್ಲಿ ಎಷ್ಟು ಇಳಿಯಿತು ಎಂಬುದನ್ನು ದಿನಕ್ಕೆರಡು ಸಲ ಚುಚ್ಚುವ ಸೂಜಿ ಹೇಳಲಾರದು. ಅಮೀನಗಡದ ಕರದಂಟು ಒಂದು ತುಂಡು ತಿಂದರೆ ಏನಾಗುತ್ತದೆ ಎಂದು ಉಮ್ಮನಿಗೆ ಮನವರಿಕೆ ಮಾಡಿಸಿದ್ದು ನಮ್ಮ ಉಪದೇಶ ಅಲ್ಲ, ಸೆನ್ಸರಿನ ಗೆರೆ! ಐಸಿಎಂಆರ್‌ನ 2023ರ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹ ಉಂಟು. ಇಂಥ ಸಾಧನ ಬೇಕಾದವರು ನಮ್ಮ ಮನೆಗಳಲ್ಲೂ ಇದ್ದಾರೆ.

ಆದರೆ ಮನೆಯಲ್ಲಿ ಮೀಟರ್ ಮತ್ತು ಸ್ಟ್ರಿಪ್ ಇರಲೇಬೇಕು. ಅಂಕೆ ಒಂದು, ಮೈ ಇನ್ನೊಂದು ಹೇಳಿದರೆ ಬೆರಳು ಚುಚ್ಚಿ. ಚುಚ್ಚಲು ಪುರುಸೊತ್ತಿಲ್ಲ, ಬೆವರು ನಡುಕ ಉಂಟು ಎಂದರೆ ಮೊದಲು ಸಕ್ಕರೆ ಕೊಡಿ. ಅಂಕೆಯ ಜೊತೆ ಬಾಣವನ್ನೂ ನೋಡಿ. ವೈದ್ಯರನ್ನು ಕೇಳದೆ ಡೋಸ್ ಬದಲಿಸಬೇಡಿ.

ಉಪವಾಸಿಗರಿಗೂ ಒಂದು ಮಾತು. ರಕ್ತ ಪರೀಕ್ಷೆಗೆ ಬೆರಳು ಚುಚ್ಚಿದರೆ ಉಪವಾಸ ಮುರಿಯುವುದಿಲ್ಲ. ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ವೈದ್ಯರ ಮಾರ್ಗಸೂಚಿ. ರೋಗಿಗೆ ಅಲ್ಲಾಹನು ಕೊಟ್ಟ ರಿಯಾಯಿತಿ ಸೂರಃ ಅಲ್ ಬಕರದಲ್ಲೇ ಉಂಟು. ಮಗ್ರಿಬ್‌ಗೆ ಇನ್ನು ಅರ್ಧ ಗಂಟೆ ಎಂದು ತಡೆದುಕೊಳ್ಳುವುದು ಧೈರ್ಯ ಅಲ್ಲ.

ಉಮ್ಮನ ತೋಳಿನಲ್ಲಿ ಈಗಲೂ ಸೆನ್ಸರ್ ಉಂಟು. ತಮ್ಮ ಈಗಲೂ ರಾತ್ರಿ ಫೋನ್ ಮಾಡುತ್ತಾನೆ. ಆದರೆ ಈಗ ಅವನ ಮೊದಲ ಪ್ರಶ್ನೆ ಬೇರೆ: “ಉಮ್ಮ ಹೇಗಿದ್ದಾರೆ, ಮುಟ್ಟಿ ನೋಡಿದಿರಾ?”