ಕಣ್ಣಲ್ಲಿ ನಿಲ್ಲುವ ಔಷಧ

ಕೆ.ಜಿ.ಎಫ್.ನವರಿಗೆ ಸೈನೈಡ್ ದಿಬ್ಬಗಳ ಪರಿಚಯ ಮಾಡಿಕೊಡಬೇಕಿಲ್ಲ. ಗಾಳಿಗಾಲದಲ್ಲಿ ಆ ದಿಬ್ಬಗಳ ನಯವಾದ ಪುಡಿ ಬೀದಿ, ಅಂಗಳ, ಅಡುಗೆಮನೆಗಳಿಗೆಲ್ಲ ನುಗ್ಗುತ್ತದೆ. ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೊರಟವರೂ ಶಾಲೆಗೆ ನಡೆಯುವ ಮಕ್ಕಳೂ ಕಣ್ಣುಜ್ಜಿಕೊಳ್ಳುತ್ತಾರೆ. ಅಪಾಯ ಇರುವುದು ಆ ಉಜ್ಜುವಿಕೆಯಲ್ಲೇ.

ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಆದರೆ ಚಿನ್ನ ತೆಗೆದ ನಂತರ ಉಳಿದ ಸುಮಾರು 3.3 ಕೋಟಿ ಟನ್ ಅದಿರಿನ ಪುಡಿ ಹಾಗೆಯೇ ಉಳಿಯಿತು. ಅದರಲ್ಲಿ ಬೆಣಚುಕಲ್ಲಿನ ಕಣಗಳಿವೆ. ಬೆಣಚು ಗಾಜನ್ನೇ ಗೀರಬಲ್ಲದು. ಇನ್ನು ಅರ್ಧ ಮಿಲಿಮೀಟರಿಗಿಂತ ತುಸು ದಪ್ಪನಾದ, ಕಾರ್ನಿಯಾ ಎಂಬ ಪಾರದರ್ಶಕ ಪಟಲದ ಪಾಡೇನು? ಗೀರಿದ ಜಾಗದಲ್ಲಿ ರೋಗಾಣು ಹೊಕ್ಕರೆ ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಮಂಕಾಗಬಹುದು. ಹೊಲದಲ್ಲಿ ಭತ್ತದ ಹೊಟ್ಟು, ಗರಿ ತಗುಲಿದರೆ ಶಿಲೀಂಧ್ರದ ಸೋಂಕಿನ ಭಯವೂ ಇದೆ.

ಹನಿ ಎಲ್ಲಿ ಹೋಗುತ್ತದೆ?

ಔಷಧ ಇದೆಯಲ್ಲ ಎನ್ನಬಹುದು. ಇದೆ, ಆದರೆ ಕಣ್ಣು ಅದನ್ನು ನಿಲ್ಲಗೊಡುವುದಿಲ್ಲ. ಒಂದು ಹನಿ ಎಂದರೆ 30ರಿಂದ 50 ಮೈಕ್ರೋಲೀಟರ್. ಕಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಮಾತ್ರ. ಹೆಚ್ಚಿದ್ದು ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಒಳಮೂಲೆಯ ಸಣ್ಣ ರಂಧ್ರದಿಂದ ಮೂಗಿಗೆ ಇಳಿಯುತ್ತದೆ. ಕಣ್ಣಿಗೆ ಹನಿ ಹಾಕಿದರೆ ಗಂಟಲು ಕಹಿಯಾಗುವುದು ಇದರಿಂದಲೇ. ಕಣ್ಣಿನ ಒಳಭಾಗ ತಲುಪುವ ಔಷಧ ನೂರಕ್ಕೆ ಐದು ಪಾಲೂ ಇರುವುದಿಲ್ಲ. ಹುಣ್ಣಾದವರಿಗೆ ಗಂಟೆಗೊಮ್ಮೆ ಹನಿ ಹಾಕಿರೆಂದು ವೈದ್ಯರು ಹೇಳುವುದು ಅದಕ್ಕೇ.

ಗಣಿ ಕಲಿಸಿದ ಪಾಠ

ಗಣಿಯಲ್ಲಿ ಅದಿರನ್ನು ಏಕೆ ಪುಡಿಮಾಡುತ್ತಿದ್ದರು? ಕಲ್ಲೊಳಗೆ ಅಡಗಿದ ಚಿನ್ನಕ್ಕೆ ಸೈನೈಡ್ ದ್ರಾವಣ ತಾಗಲೆಂದು. ಪುಡಿಯಾದಷ್ಟೂ ಹೊರಮೈ ಹೆಚ್ಚು. ಒಂದು ಸೆಂಟಿಮೀಟರ್ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಮೀಟರ್, ಒಂದು ಪುಟ್ಟ ಮನೆಯ ನೆಲದಷ್ಟು! ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.

ನ್ಯಾನೋ ಔಷಧದ ಒಂದು ಗುಟ್ಟು ಇದೇ. ಹೊರಮೈ ಹೆಚ್ಚಿದಷ್ಟೂ ಅಂಟಿಕೊಳ್ಳಲು ಎಡೆ ಹೆಚ್ಚು. ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಧನ ವಿದ್ಯುದಂಶದ್ದು. ಕಣ್ಣಿನ ಲೋಳೆ ಋಣ ವಿದ್ಯುದಂಶದ್ದು. ಹಾಗಾಗಿ ಕೈಟೋಸಾನ್ ಕಣಗಳು ಲೋಳೆಗೆ ಅಂಟಿ, ಔಷಧವನ್ನು ನಿಧಾನವಾಗಿ ಬಿಡುತ್ತವೆ. ಕೊಬ್ಬಿನ ಪುಟ್ಟ ಚೀಲಗಳಾದ ಲಿಪೋಸೋಮ್‌ಗಳು ಇನ್ನೊಂದು ಬಗೆ. ಕಾರ್ನಿಯಾದ ಹೊರಪದರ ಎಣ್ಣೆಗೆ ಒಗ್ಗುವಂಥದ್ದು, ನಡುಪದರ ನೀರಿಗೆ ಒಗ್ಗುವಂಥದ್ದು. ಎರಡನ್ನೂ ದಾಟಿಸಲು ಇಂಥ ವಾಹಕ ಬೇಕು.

ಒಣಗಣ್ಣಿಗೆ ಬಳಸುವ ಸೈಕ್ಲೋಸ್ಪೋರಿನ್‌ನ ನ್ಯಾನೋ ಹನಿಗೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಗಾಯ, ಹುಣ್ಣುಗಳಿಗೆಂದು ರೂಪಿಸಿದ ನ್ಯಾನೋ ಔಷಧಗಳು ಬಹುಮಟ್ಟಿಗೆ ಇನ್ನೂ ಪ್ರಯೋಗಾಲಯದಲ್ಲಿವೆ. ಅವು ದೃಷ್ಟಿ ಮಸುಕಾಗಿಸಬಾರದು, ಜೀವಕೋಶಗಳಿಗೆ ಹಾನಿ ಮಾಡಬಾರದು. ಇದು ರುಜುವಾತಾಗಲು ಕಾಲ ಬೇಕು.

ಅಲ್ಲಿಯವರೆಗೆ

ದೂಳು ಬಿದ್ದ ಕಣ್ಣನ್ನು ಉಜ್ಜದೆ ಶುದ್ಧ ನೀರಿನಿಂದ ತೊಳೆಯಿರಿ. ನಾಲಿಗೆಯಿಂದ ಕಸ ತೆಗೆಸುವುದು, ಎದೆಹಾಲು, ಹರಳೆಣ್ಣೆ ಹಾಕುವುದು ಬೇಡ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತಬೇಡಿ, ತೊಳೆಯಲೂ ಬೇಡಿ. ಕೇಳಿದೊಡನೆ ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಹನಿ ಶಿಲೀಂಧ್ರದ ಸೋಂಕನ್ನು ಉಲ್ಬಣಗೊಳಿಸಬಲ್ಲದು. ನೋವು, ಕೆಂಪು ಇಳಿಯದಿದ್ದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿರಿ. ಕೋಲಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಕಣ್ಣಾಸ್ಪತ್ರೆಯಿದೆ.

ವೈದ್ಯರು ಬರೆದುಕೊಟ್ಟ ಹನಿಯನ್ನು ಒಂದು ಸಲಕ್ಕೆ ಒಂದೇ ಹಾಕಿ ಎರಡು ನಿಮಿಷ ಕಣ್ಣು ಮುಚ್ಚಿರಿ. ಕಣ್ಣಿಗೆ ತೂತಾಗುವಂಥ ಗಾಯವಿಲ್ಲದಿದ್ದರೆ ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿಹಿಡಿಯಿರಿ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಿ. ನ್ಯಾನೋ ಕಣಗಳು ಮಾಡಬೇಕೆಂದಿರುವ ಕೆಲಸದ ಸ್ವಲ್ಪ ಪಾಲನ್ನು ತಾಯಿಯ ಬೆರಳ ತುದಿಯೇ ಈ ದಿನ ಮಾಡಬಲ್ಲದು.