ಗುಂಯ್ ಅಂದರೆ ಗಾಬರಿ ಬೇಡ, ಚಿರ್ ಅಂದರೆ ತಡ ಬೇಡ

ಕಳೆದ ಮಳೆಗಾಲದ ಒಂದು ರಾತ್ರಿ ನನ್ನ ಮೊಬೈಲಿಗೆ ಒಂದು ಧ್ವನಿ ಸಂದೇಶ ಬಂತು. ಕಳಿಸಿದವನು ನನ್ನ ಹಳೇ ವಿದ್ಯಾರ್ಥಿ. ಕಾಸರಗೋಡಿನ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವನು ಈಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. "ಮಾಷ್ಟ್ರೇ, ಒಂದು ಹಳೇ ಫ್ರೂಟ್ ಮೆಷೀನ್ ಮನೆಗೆ ತಂದಿದ್ದೇನೆ. ಪ್ಲಗ್ ಹಾಕಿದ ಕೂಡಲೇ ಗುಂಯ್ ಅಂತ ದೊಡ್ಡ ಶಬ್ದ. ಬಿಚ್ಚಿ ನೋಡಲಾ? ರೆಕಾರ್ಡ್ ಮಾಡಿ ಕಳಿಸಿದ್ದೇನೆ, ಕೇಳಿ ಹೇಳಿ."

"ಬಿಚ್ಚಬೇಡ ಮಾರಾಯ, ಮೊದಲು ಪ್ಲಗ್ ತೆಗೆ" ಎಂದು ಉತ್ತರ ಹಾಕಿ ಕೇಳಲು ಕುಳಿತೆ.

ಫ್ರೂಟ್ ಮೆಷೀನ್ ಎಂದರೆ ಜ್ಯೂಸ್ ಮಾಡುವ ಯಂತ್ರ ಅಂದುಕೊಳ್ಳಬೇಡಿ ಮಕ್ಕಳೇ. ಅದು ನಾಣ್ಯ ಹಾಕಿ ಆಡುವ ಜೂಜಿನ ಪೆಟ್ಟಿಗೆ. ಗಾಜಿನ ಹಿಂದೆ ಮೂರು ಗಾಲಿಗಳು ಗಿರಗಿರನೆ ತಿರುಗುತ್ತವೆ. ಅವುಗಳ ಅಂಚಿನ ಪಟ್ಟಿಯ ಮೇಲೆ ಚೆರಿ, ನಿಂಬೆ, ಕಿತ್ತಳೆ, ಪ್ಲಮ್ ಚಿತ್ರಗಳಿರುತ್ತವೆ. ಒಂದೇ ಹಣ್ಣು ಸಾಲಾಗಿ ನಿಂತರೆ ಕೆಳಗಿನ ತಟ್ಟೆಗೆ ನಾಣ್ಯ ಬೀಳುತ್ತದೆ. ಹೆಚ್ಚಿನ ಸಲ ಬೀಳುವುದಿಲ್ಲ, ಅದರ ಲೆಕ್ಕಾಚಾರವೇ ಯಜಮಾನನ ಪರ. ಆ ಗಣಿತ ಬೇರೆ ಲೇಖನಕ್ಕೆ ಇರಲಿ. ಮೂರು ಗಾಲಿಯ ಇಂಥ ಪೆಟ್ಟಿಗೆಯನ್ನು 1890ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಕಟ್ಟಿದ್ದ. ಅದಕ್ಕೆ ಕರೆಂಟೇ ಬೇಡವಾಗಿತ್ತು; ಪಕ್ಕದ ಹಿಡಿಕೆ ಎಳೆದರೆ ಸ್ಪ್ರಿಂಗ್ ಬಲದಲ್ಲಿ ತಿರುಗುತ್ತಿತ್ತು. ಬ್ರಿಟನ್ನಿನಲ್ಲಿ 1960ರ ಕಾಯಿದೆಯ ನಂತರ ಪಬ್ಬು, ಕ್ಲಬ್ಬುಗಳಲ್ಲಿ ಇವು ಮಾಮೂಲಾದವು. ಮುಂದೆ ಮೋಟಾರು, ರಿಲೇ, ಬಲ್ಬು, ಕಂಪ್ಯೂಟರ್ ಬೋರ್ಡು ಎಲ್ಲಾ ಬಂದು ಸೇರಿದವು. ಪಬ್ಬಿಗೆ ಹೊಸದು ಬಂದಾಗ ಹಳೆಯದನ್ನು ಮನೆಗೆ ಕೊಂಡುಹೋಗಿ ರಿಪೇರಿ ಮಾಡಿ ಇಟ್ಟುಕೊಳ್ಳುವ ಹವ್ಯಾಸಿಗಳು ಅಲ್ಲಿ ಇದ್ದಾರೆ. ನಮ್ಮವನಿಗೂ ಆ ಹುಚ್ಚು ಹಿಡಿದಿತ್ತು. ಅವನು ತಂದದ್ದು 1980ರ ದಶಕದ ಪೆಟ್ಟಿಗೆ.

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ತಗ್ಗು ಸ್ವರ ಸರಿಯಾಗಿ ಕೇಳುವುದಿಲ್ಲ. ಇಯರ್‌ಫೋನ್ ಹಾಕಿ ನಾಲ್ಕೈದು ಸಲ ಕೇಳಿದೆ. ಅವನು ಒಂದು ಶಬ್ದ ಎಂದಿದ್ದ. ಅದರಲ್ಲಿ ನಾಲ್ಕು ಶಬ್ದಗಳಿದ್ದವು. ಅವನನ್ನು ಹೆದರಿಸಿದ್ದು ಎಲ್ಲಕ್ಕಿಂತ ಜೋರಾದದ್ದು. ನನ್ನನ್ನು ಹೆದರಿಸಿದ್ದು ಎಲ್ಲಕ್ಕಿಂತ ಮೆಲ್ಲನೆಯದು.

ಜೋರಾದದ್ದರಿಂದಲೇ ಶುರು ಮಾಡೋಣ. ಗುಂಯ್ ಎಂಬ ಈ ಶಬ್ದ ನಿಮಗೂ ಗೊತ್ತು. ಹಳೇ ಟ್ಯೂಬ್‌ಲೈಟಿನ ಚೋಕ್, ಶಾಲೆಯ ಕಂಪ್ಯೂಟರ್ ಕೋಣೆಯ ಸ್ಟೆಬಿಲೈಜರ್, ರಸ್ತೆ ತಿರುವಿನ ಟ್ರಾನ್ಸ್‌ಫಾರ್ಮರ್ ಎಲ್ಲದರದ್ದೂ ಇದೇ ರಾಗ. ಟ್ರಾನ್ಸ್‌ಫಾರ್ಮರಿನ ಒಳಗೆ ತಂತಿಯ ಸುರುಳಿಗಳ ನಡುವೆ ತೆಳುವಾದ ಉಕ್ಕಿನ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಉಕ್ಕು ಕಾಂತವಾದಾಗ ಅದರ ಉದ್ದ ಅತ್ಯಲ್ಪ ಬದಲಾಗುತ್ತದೆ, ಒಂದು ಮೀಟರಿನಲ್ಲಿ ಕೆಲವೇ ಮೈಕ್ರೋಮೀಟರಿನಷ್ಟು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರುವ ಎಸಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಉಕ್ಕು ಕಾಂತವಾಗುತ್ತದೆ. ಕಂಬಕ್ಕೆ ಕಟ್ಟಿದ ಹಗ್ಗವನ್ನು ಎಡಕ್ಕೆ ಎಳೆದರೂ ಬಿಗಿಯಾಗುತ್ತದೆ, ಬಲಕ್ಕೆ ಎಳೆದರೂ ಬಿಗಿಯಾಗುತ್ತದೆ ಅಲ್ವಾ? ಹಾಗೆ. ಉತ್ತರ ಧ್ರುವ ಯಾವ ಕಡೆ ಇದೆ ಎಂಬುದು ಉಕ್ಕಿಗೆ ಮುಖ್ಯವಲ್ಲ. ಆದ್ದರಿಂದ ಅದು ಕಂಪಿಸುವುದು 50 ಸಲವಲ್ಲ, 100 ಸಲ. ಅವನಿಗೆ ಮೊಬೈಲಿನಲ್ಲಿ ಆವೃತ್ತಿ ಅಳೆಯುವ ಒಂದು ಆ್ಯಪ್ ಹಾಕಿ ನೋಡಲು ಹೇಳಿದೆ. 100 ಹರ್ಟ್ಜ್ ಬಳಿ ದೊಡ್ಡ ಗೆರೆ, 200, 300ರ ಬಳಿ ಸಣ್ಣ ಗೆರೆಗಳು ಬಂದವು. ಬ್ರಿಟನ್ನಿನ ಕರೆಂಟೂ ನಮ್ಮ ಹಾಗೆ 50 ಹರ್ಟ್ಜ್, ಅದರಿಂದ ಕಾಸರಗೋಡಿನ ಗುಂಯ್‌ಗೂ ಅಲ್ಲಿನ ಗುಂಯ್‌ಗೂ ಶ್ರುತಿ ಒಂದೇ. ಅಮೆರಿಕದಲ್ಲಾದರೆ 60 ಹರ್ಟ್ಜ್. ಅಲ್ಲಿಯ ಟ್ರಾನ್ಸ್‌ಫಾರ್ಮರ್ 120ರಲ್ಲಿ ಹಾಡುತ್ತದೆ.

ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದು ಸಹಜ ಸರಿ, ಇಷ್ಟು ಜೋರಾಗಿ ಯಾಕೆ? ಪೆಟ್ಟಿಗೆ ಮರದ್ದು. ತಂಬೂರಿಯ ತಂತಿಯ ಸದ್ದನ್ನು ಬುರುಡೆ ದೊಡ್ಡದು ಮಾಡುವಂತೆ ಟ್ರಾನ್ಸ್‌ಫಾರ್ಮರಿನ ನಡುಕವನ್ನು ಪೆಟ್ಟಿಗೆ ದೊಡ್ಡದು ಮಾಡುತ್ತದೆ. ಅದನ್ನು ಬಿಗಿದ ಬೋಲ್ಟ್ ಸಡಿಲವಾದರೆ ಕೇಳುವುದೇ ಬೇಡ. ಪರೀಕ್ಷಿಸಲು ಪೆಟ್ಟಿಗೆ ತೆರೆಯಬೇಕೆಂದಿಲ್ಲ. ಹೊರಗಿನಿಂದ ಮರದ ಮೇಲೆ ಅಂಗೈ ಇಟ್ಟು ಅಲ್ಲಲ್ಲಿ ಒತ್ತಿ ನೋಡಬೇಕು. ಒತ್ತಿದಾಗ ಶಬ್ದ ಬದಲಾದರೆ ಏನೋ ಸಡಿಲವಾಗಿದೆ ಎಂದರ್ಥ, ಕರೆಂಟಿನ ದೋಷವಲ್ಲ. ಅವನು ಪುನಃ ಪ್ಲಗ್ ಹಾಕಿ ಎರಡೇ ನಿಮಿಷ ಹೀಗೆ ಮಾಡಿದ. ಬಲಗಡೆ ಕೆಳಗೆ ಒತ್ತಿದಾಗ ಗುಂಯ್ ಅರ್ಧಕ್ಕಿಳಿಯಿತು. ಆದರೆ ಒಂದು ಮಾತು: ಗುಂಯ್ ಇದ್ದಕ್ಕಿದ್ದಂತೆ ಗೊರಗೊರ ಎಂದು ದಪ್ಪವಾಗಿ, ಟ್ರಾನ್ಸ್‌ಫಾರ್ಮರ್ ಕೈಸುಡುವಷ್ಟು ಬಿಸಿಯಾದರೆ ಅದು ಬೇರೆ ಕಾಯಿಲೆ. ಮುಂದೆ ಎಲ್ಲೋ ಶಾರ್ಟ್ ಆಗಿ ಮಿತಿಮೀರಿದ ವಿದ್ಯುತ್ತನ್ನು ಎಳೆಯುತ್ತಿರುತ್ತದೆ.

ಎರಡನೆಯದು ಟಿಂಕ್... ಟಿಂಕ್... ಎಂಬ ಸದ್ದು. ಇದು ಸುಲಭ. ಗಾಜಿನ ಮೇಲಿನ ಚಿತ್ರಗಳನ್ನು ಬೆಳಗಲು ಒಳಗೊಂದು ಟ್ಯೂಬ್‌ಲೈಟ್ ಇದೆ, ಅದರ ಸ್ಟಾರ್ಟರಿನದ್ದು ಈ ಸದ್ದು. ಸ್ಟಾರ್ಟರಿನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಿಸಿಗೆ ಬಾಗಿ ಮುಟ್ಟುತ್ತದೆ, ತಣಿದು ಬಿಡುತ್ತದೆ. ಬಿಟ್ಟ ಕ್ಷಣ ಚೋಕ್ ಕೊಡುವ ಹೊಡೆತಕ್ಕೆ ಟ್ಯೂಬ್ ಹತ್ತಬೇಕು. ಟ್ಯೂಬ್ ಮುದಿಯಾಗಿದ್ದರೆ ಹತ್ತುವುದಿಲ್ಲ, ಪಟ್ಟಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮ್ಮ ಹಳೇ ಕ್ಲಾಸ್‌ರೂಮುಗಳಲ್ಲಿ ಈ ಆಟ ನೋಡದವರುಂಟೇ?

ಮೂರನೆಯದು ಸ್ವಲ್ಪ ಮೋಸಗಾರ. ಕೇಳಲಿಕ್ಕೆ ಅದೂ ಗುಂಯ್, ಅದೂ 100 ಹರ್ಟ್ಜ್. ಆದರೆ ಟ್ರಾನ್ಸ್‌ಫಾರ್ಮರ್ ಇರುವುದು ಕೆಳಗೆ, ಇದು ಬರುತ್ತಿದ್ದದ್ದು ಮೇಲಿನ ಸ್ಪೀಕರಿನಿಂದ. ಜತೆಗೆ ನಾಣ್ಯ ಉದುರುವಾಗಲೆಲ್ಲ ಸ್ಪೀಕರಿನಲ್ಲಿ ಟಪ್ ಎಂಬ ಸದ್ದು. ಎರಡು ಕಡೆ ಒಂದೇ ಆವೃತ್ತಿ ಹೇಗೆ? ಬೋರ್ಡಿಗೆ ಬೇಕಾದದ್ದು ಡಿಸಿ. ಎಸಿಯ ಎರಡೂ ಅರ್ಧಗಳನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆಗ ಕರೆಂಟು ಸೆಕೆಂಡಿಗೆ 100 ಅಲೆಗಳಾಗಿ ಬರುತ್ತದೆ. ಆ ಅಲೆಗಳನ್ನು ಸಮತಟ್ಟು ಮಾಡಲು ದೊಡ್ಡ ಕೆಪಾಸಿಟರ್ ಇರುತ್ತದೆ. ಪಂಪು ಬಿಟ್ಟುಬಿಟ್ಟು ನೀರು ಹಾಕಿದರೂ ನಲ್ಲಿಯಲ್ಲಿ ಸಮನಾಗಿ ಬರುವುದು ಮೇಲೆ ಟ್ಯಾಂಕಿ ಇರುವುದರಿಂದ ತಾನೇ? ಕೆಪಾಸಿಟರ್ ಅಂಥ ಟ್ಯಾಂಕಿ. ವರ್ಷಗಟ್ಟಲೆ ಬಿಸಿಯಲ್ಲಿ ಇದ್ದು ಅದರೊಳಗಿನ ದ್ರವ ಒಣಗಿದರೆ ಹೂಳು ತುಂಬಿದ ಟ್ಯಾಂಕಿಯ ಹಾಗೆ ಅದರ ಸಾಮರ್ಥ್ಯ ಕುಗ್ಗುತ್ತದೆ. ಅಲೆಗಳು ಹಾಗೇ ಸ್ಪೀಕರಿಗೆ ಹೋಗಿ ಗುಂಯ್ ಆಗುತ್ತವೆ. ಒಮ್ಮೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಸ್ಪೀಕರಿನ ತಂತಿ ಕಳಚಿ ಮತ್ತೆ ಹಾಕಿದಾಗ ಮೇಲಿನ ಗುಂಯ್ ಮಾಯವಾದರೆ ಅದು ಸ್ಪೀಕರಿನ ಮೂಲಕ ಬಂದದ್ದೆಂದು ಖಾತ್ರಿ. ತಂತಿ ಕಳಚುವುದು ಬಲ್ಲವರ ಕೆಲಸ, ಮಕ್ಕಳದ್ದಲ್ಲ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಟ್ಯಾಂಕಿ ಅಂದೆನಲ್ಲ, ಪಂಪು ನಿಲ್ಲಿಸಿದರೆ ನೀರು ಖಾಲಿಯಾಗುವುದಿಲ್ಲ.

ಇನ್ನು ಆ ಟಪ್. ನಾಣ್ಯವನ್ನು ತಳ್ಳುವುದು ಒಂದು ವಿದ್ಯುತ್ಕಾಂತ, ಅಂದರೆ ತಂತಿಯ ಸುರುಳಿ. ಹತ್ತನೇ ತರಗತಿಯವರು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನೆನಪಿಸಿಕೊಳ್ಳಿ. ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದರೆ ಅದು ಸುಮ್ಮನಿರುವುದಿಲ್ಲ. ಬದಲಾವಣೆಯನ್ನು ವಿರೋಧಿಸುತ್ತದೆ, ತನ್ನಲ್ಲೇ ವೋಲ್ಟೇಜ್ ಹುಟ್ಟಿಸುತ್ತದೆ. 12 ವೋಲ್ಟಿನ ಸುರುಳಿ ಕೂಡ ಆ ಕ್ಷಣಕ್ಕೆ ನೂರು ವೋಲ್ಟಿಗೂ ಮೀರಿ ಏರಬಲ್ಲದು. ಅದನ್ನು ತಣಿಸಲು ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿರುತ್ತಾರೆ. ಡಯೋಡ್ ಕೆಟ್ಟರೆ ಆ ಹೊಡೆತ ಸ್ಪೀಕರಿನಲ್ಲಿ ಟಪ್ ಎನ್ನುತ್ತದೆ. ಕೆಲವೊಮ್ಮೆ ಬೋರ್ಡನ್ನೂ ಕೆಡಿಸುತ್ತದೆ.

ಇದರ ಚಿಕ್ಕ ರೂಪವನ್ನು ನೀವೇ ಕೇಳಬಹುದು. ಬ್ಯಾಟರಿಯ ರೇಡಿಯೋ ಒಂದನ್ನು ಮೀಡಿಯಂ ವೇವ್‌ಗೆ ತಿರುಗಿಸಿ, ಯಾವ ನಿಲಯವೂ ಬರದ ಜಾಗದಲ್ಲಿ ನಿಲ್ಲಿಸಿ. ಯಾರಾದರೂ ಪಕ್ಕದ ಕೋಣೆಯ ಫ್ಯಾನ್ ಸ್ವಿಚ್ ಹಾಕಿ ಆರಿಸಲಿ. ಪ್ರತಿ ಸಲ ರೇಡಿಯೋದಲ್ಲಿ ಟಕ್ ಎಂದು ಕೇಳೀತು. ಸ್ವಿಚ್ಚಿನೊಳಗೆ ಹುಟ್ಟಿದ ಸಣ್ಣ ಕಿಡಿ ರೇಡಿಯೋ ಅಲೆಗಳನ್ನು ಹೊರಡಿಸುತ್ತದೆ. 1880ರ ದಶಕದ ಕೊನೆಗೆ ಹೈನ್ರಿಕ್ ಹರ್ಟ್ಜ್ ರೇಡಿಯೋ ಅಲೆಗಳಿವೆ ಎಂದು ತೋರಿಸಿದ್ದೂ ಕಿಡಿ ಹಾರಿಸಿಯೇ.

ಕಿಡಿಯ ಮಾತು ಬಂತು, ನಾಲ್ಕನೇ ಶಬ್ದಕ್ಕೆ ಬರುತ್ತೇನೆ. ಗುಂಯ್‌ನ ಅಡಿಯಲ್ಲಿ, ಆಗೊಮ್ಮೆ ಈಗೊಮ್ಮೆ, ಚಿರ್... ಚಿರಚಿರ... ಒಣ ತರಗೆಲೆ ತುಳಿದ ಹಾಗೆ. ನಲ್ವತ್ತು ಸೆಕೆಂಡಿನ ರೆಕಾರ್ಡಿನಲ್ಲಿ ಬಂದದ್ದು ಮೂರು ಸಲ. ಮೊದಲ ಸಲ ಕೇಳಿದಾಗ ನನಗೂ ಅದು ನಮ್ಮ ಹಂಚಿನ ಮೇಲಿನ ಮಳೆ ಎಂದೇ ಅನಿಸಿತ್ತು.

ಇಲ್ಲಿ ಗಮನಿಸಬೇಕಾದದ್ದು ತಾಳ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಇವುಗಳ ಸದ್ದಿಗೆ 50 ಹರ್ಟ್ಜಿನ ತಾಳ ತಪ್ಪುವುದಿಲ್ಲ. ಸ್ಟಾರ್ಟರಿಗೂ ತನ್ನದೇ ಒಂದು ಲಯವಿದೆ. ವಿದ್ಯುತ್ಕಾಂತದ ಟಪ್ ಬರುವುದು ನಾಣ್ಯ ಬೀಳುವಾಗ ಮಾತ್ರ. ಚಿರ್ ಎಂಬುದಕ್ಕೆ ತಾಳವಿಲ್ಲ, ಯಾವ ಕೆಲಸದ ಜತೆಗೂ ಸಂಬಂಧವಿಲ್ಲ. ರೆಕಾರ್ಡನ್ನು ಗೆರೆಗಳಾಗಿ ತೋರಿಸುವ ಆ್ಯಪಿನಲ್ಲಿ ನೋಡಿದರೆ ಗುಂಯ್ ಒಂದೇ ಸಮನಾದ ಪಟ್ಟಿ, ಚಿರ್ ಮಾತ್ರ ಅಡ್ಡಾದಿಡ್ಡಿ ಮುಳ್ಳುಗಳು. ಹಾಗೆ ತಾಳ ತಪ್ಪಿ ಚಿರಗುಟ್ಟುವುದು ಸಾಮಾನ್ಯವಾಗಿ ಸಡಿಲವಾದ ಜೋಡಣೆ. ಸ್ಕ್ರೂ ಸಡಿಲವಾಗಿ ತಂತಿಗೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಾಗ ವಿದ್ಯುತ್ತು ಕಿಡಿಯಾಗಿ ಹಾರುತ್ತದೆ.

ಫ್ಯೂಸ್ ಇಲ್ವಾ ಮಾಷ್ಟ್ರೇ ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ಬ್ರಿಟನ್ನಿನ ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಇರುತ್ತದೆ, 3 ಆಂಪಿಯರಿನದ್ದೋ 13 ಆಂಪಿಯರಿನದ್ದೋ. ಆದರೆ ಫ್ಯೂಸಿಗೆ ಗೊತ್ತಿರುವುದು ಒಂದೇ ವಿಷಯ, ವಿದ್ಯುತ್ತು ಮಿತಿಮೀರಿತೋ ಇಲ್ಲವೋ. ಸಡಿಲ ಜೋಡಣೆಯಲ್ಲಿ ವಿದ್ಯುತ್ತು ಹೆಚ್ಚುವುದಿಲ್ಲ, ಬದಲಿಗೆ ಸ್ವಲ್ಪ ಕಡಿಮೆಯೇ ಆಗುತ್ತದೆ. ಯಂತ್ರ 1 ಆಂಪಿಯರ್ ಎಳೆಯುತ್ತಿದೆ, ಕಿಡಿಯ ಎರಡು ತುದಿಗಳ ನಡುವೆ 20 ವೋಲ್ಟ್ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ 20 ವ್ಯಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ 25 ವ್ಯಾಟಿನ ಕಬ್ಬಿಣ ಎಷ್ಟು ಬಿಸಿಯಾಗ್ತದೆ ಗೊತ್ತುಂಟಲ್ಲ? ಹತ್ತಿರ ಹತ್ತಿರ ಅಷ್ಟೇ ಬಿಸಿ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಮರದ ಪೆಟ್ಟಿಗೆಯೊಳಗೆ. ಫ್ಯೂಸ್ ತಣ್ಣಗೆ ಕೂತಿರುತ್ತದೆ. ನೆಲಕ್ಕೆ ವಿದ್ಯುತ್ತು ಸೋರಿದರೆ ಆರಿಸುವ ಸ್ವಿಚ್ ಮನೆಯಲ್ಲಿದ್ದರೂ ಅದಕ್ಕೆ ಇದು ಕಾಣುವುದಿಲ್ಲ, ಯಾಕೆಂದರೆ ಇಲ್ಲಿ ಏನೂ ನೆಲಕ್ಕೆ ಸೋರುತ್ತಿಲ್ಲ.

ಇಂಥ ಕಡೆ ಕಿವಿ ಬಿಟ್ಟರೆ ಮೂಗು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕೆಲವೊಮ್ಮೆ ಹಸಿ ಮೀನಿನಂಥ ವಾಸನೆ ಬರುತ್ತದೆ. ಈ ಎರಡನೆಯದು ಕಡಲಬದಿಯ ನಮಗೆ ಉಪಯೋಗವಿಲ್ಲದ ಸೂಚನೆ, ನಮ್ಮೂರಲ್ಲಿ ಮೀನಿನ ವಾಸನೆಗೆ ಯಾರು ಗಾಬರಿಯಾಗುತ್ತಾರೆ! ಅವನನ್ನು ಕೇಳಿದೆ. "ಹೌದು ಮಾಷ್ಟ್ರೇ, ಏನೋ ವಾಸನೆ ಬರ್ತದೆ, ಹಳೇ ಮೆಷೀನಲ್ವಾ ಅಂತ ಸುಮ್ಮನಿದ್ದೆ" ಎಂದ.

ಪ್ಲಗ್ ತೆಗೆದೇ ಇರಲಿ, ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡ ಎಂದೆ. ಎರಡು ದಿನ ಬಿಟ್ಟು ಒಂದು ಫೋಟೋ ಬಂತು. ಮೇನ್ ತಂತಿ ಪೆಟ್ಟಿಗೆಯ ಒಳಗೆ ಬರುವಲ್ಲಿನ ಕನೆಕ್ಟರಿನ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಳಿಯಾಗಿದ್ದ ಪ್ಲಾಸ್ಟಿಕ್ ಕಾಫಿಯ ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ತಂತಿಯ ಹೊದಿಕೆ ಎರಡು ಬೆರಳಗಲ ಗಡುಸಾಗಿ, ಬಾಗಿಸಿದರೆ ಪುಡಿಯಾಗುವಂತಿತ್ತು. ಸಾಗಿಸುವಾಗಿನ ಕುಲುಕಾಟಕ್ಕೆ ಸಡಿಲವಾಗಿರಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಿದರಂತೆ. ಕನೆಕ್ಟರ್, ತಂತಿ ಎರಡನ್ನೂ ಬದಲಿಸಿದರು. ಹಾಗೇ ಟ್ರಾನ್ಸ್‌ಫಾರ್ಮರಿನ ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ ಬಿಗಿದರು.

ಈಗ ಕೆಳಗಿನ ಗುಂಯ್ ಹತ್ತಿರ ಹೋಗಿ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ. ಟ್ಯೂಬ್ ಹೊಸದು ಬಂದಿದೆ. ಸ್ಪೀಕರಿನ ಗುಂಯ್, ನಾಣ್ಯದ ಟಪ್ ಎರಡೂ ಇನ್ನೂ ಉಂಟಂತೆ. ಕೆಪಾಸಿಟರ್ ಮತ್ತು ಡಯೋಡ್ ಬದಲಿಸುವುದನ್ನು ಚಳಿಗಾಲದ ರಜೆಗೆ ಇಟ್ಟುಕೊಂಡಿದ್ದಾನೆ.