ಅಡ್ವಾನ್ಸ್ ಯಾರ ದುಡ್ಡು?

ಮೂವತ್ತು ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು, ಮೇಲೆ ಎರಡು ಮೂರು ಪುಟ್ಟ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವುದು ಬೆಂಗಳೂರಿನ ಎಷ್ಟೋ ಕುಟುಂಬಗಳಿಗೆ ಪಿಂಚಣಿ ಇದ್ದ ಹಾಗೆ. ಈ ದಾರಿಗೆ ಹೊಸಬರಾದವರು ಮೊದಲು ಕೇಳುವುದು ಬಾಡಿಗೆ ಎಷ್ಟು ಹುಟ್ಟುತ್ತದೆ ಎಂದು. ಎಡವುವುದು ಮಾತ್ರ ಅಡ್ವಾನ್ಸಿನಲ್ಲಿ. ಅದಕ್ಕೇ ಈ ಅಧ್ಯಾಯದ ಹೆಚ್ಚಿನ ಪುಟಗಳನ್ನು ಅದಕ್ಕೆ ಕೊಟ್ಟಿದ್ದೇನೆ.

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಸಿದುಕೊಳ್ಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಹಲವು ಕಡೆ ಅದು ಐದಾರು ತಿಂಗಳಿಗೆ ಇಳಿದಿದೆ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿದರೆ ಜಾರಿಗೆ ಬಂದೀತು.

ಲೆಕ್ಕಕ್ಕೆ ಮೂರು ಮನೆ ಹಿಡಿಯೋಣ. ತಲಾ 15,000 ರೂಪಾಯಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಗೃಹಪ್ರವೇಶವಾದ ತಿಂಗಳಲ್ಲೇ 4,50,000 ರೂಪಾಯಿ ಕೈ ಸೇರುತ್ತದೆ. ಆ ಹೊತ್ತಿಗೆ ಟೈಲ್ಸ್ ಅಂಗಡಿಯ ಬಾಕಿ, ಗ್ರಿಲ್ ಕೆಲಸದ ಬಾಕಿ ಎಲ್ಲ ಬಾಗಿಲಲ್ಲಿ ನಿಂತಿರುತ್ತವೆ. ದುಡ್ಡು ಅತ್ತ ಹೋಗುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಇಬ್ಬರು ಬಾಡಿಗೆದಾರರು ಒಟ್ಟಿಗೆ ಮನೆ ಬಿಡುತ್ತೇವೆ ಎನ್ನುತ್ತಾರೆ. ಈಗ 3,00,000 ಹೊಂದಿಸಬೇಕು. ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಎಂಬ ಮಾತು ಹುಟ್ಟುವುದು ಇಲ್ಲೇ. ಹೊರಡುವವರಿಗೆ ಆ ದುಡ್ಡು ಬೇಕಾದದ್ದು ಹೊರಡುವ ಮುಂಚೆ, ಹೋಗುವ ಮನೆಯ ಓನರಿಗೆ ಅಡ್ವಾನ್ಸ್ ಕೊಡಲು. ನಿಮಗೆ ಹೊಸ ಅಡ್ವಾನ್ಸ್ ಸಿಗುವುದು ಮನೆ ಖಾಲಿಯಾಗಿ, ಪೇಂಟ್ ಆಗಿ, ಟು-ಲೆಟ್ ಬೋರ್ಡು ನೋಡಿ ಯಾರಾದರೂ ಒಪ್ಪಿದ ಮೇಲೆ. ನಡುವೆ ವಾರಗಳೇ ಕಳೆಯುತ್ತವೆ. ಸಜ್ಜನ ಓನರುಗಳೂ ಕೆಟ್ಟ ಹೆಸರು ಪಡೆಯುವುದು ಆ ವಾರಗಳಲ್ಲಿ.

ಅಡ್ವಾನ್ಸ್ ಎಂದರೆ ಬಡ್ಡಿಯಿಲ್ಲದ ಸಾಲ, ಕೊಟ್ಟವರು ಯಾವಾಗ ಬೇಕಾದರೂ ಕೇಳಬಹುದಾದ ಸಾಲ. ಅದನ್ನು ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಟ್ಟು, ಬಡ್ಡಿಯನ್ನಷ್ಟೇ ನಿಮ್ಮದೆಂದು ತಿಳಿಯಿರಿ. ಪೂರ್ತಿ ಇಡಲಾಗದಿದ್ದರೆ ಒಂದು ಮನೆಯ ಅಡ್ವಾನ್ಸಾದರೂ ಸದಾ ಕೈಗೆ ಸಿಗುವಂತಿರಲಿ. ಅದೂ ಆಗದೆಂದರೆ ಮೂರೇ ತಿಂಗಳ ಅಡ್ವಾನ್ಸ್ ಪಡೆಯಿರಿ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಆಗಷ್ಟೇ ಮದುವೆಯಾದವರಿಗೆ ಒಂದೂವರೆ ಲಕ್ಷ ಒಟ್ಟಿಗೆ ಹೊಂದಿಸುವುದು ಎಷ್ಟು ಕಷ್ಟವೆಂದು ನಾವು ನೆನೆಯುವುದೇ ಇಲ್ಲ.

ಭೋಗ್ಯದ ಮಾತು ಇನ್ನೂ ಗಂಭೀರ. ನಮ್ಮ ಜನ ಇದನ್ನೇ ಲೀಸ್ ಎನ್ನುವುದು: ಬಾಡಿಗೆಯಿಲ್ಲ, ಒಂದೇ ಗಂಟಿನಲ್ಲಿ ಹಲವು ಲಕ್ಷ, ಎರಡು ಮೂರು ವರ್ಷದ ವಾಯಿದೆ. ಆ ಗಂಟಿನಿಂದ ಮೇಲಿನ ಮಹಡಿ ಎಬ್ಬಿಸಿದವರು ವಾಯಿದೆ ಮುಗಿದಾಗ ಇನ್ನೊಬ್ಬ ಭೋಗ್ಯದವರನ್ನೇ ಹುಡುಕಬೇಕು. ಇಂಥ ವ್ಯವಹಾರ ಬರೀ ಛಾಪಾ ಕಾಗದದ ಮೇಲೆ ನಡೆಯಬಾರದು. ಒಂದು ವರ್ಷ ಮೀರಿದ ಗೇಣಿಯನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೆ ನಿಲ್ಲುವುದು ಈ ಕಾರಣಕ್ಕೇ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನದನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಎಲ್ಲಕ್ಕಿಂತ ಮುಖ್ಯ, ಮನೆಯ ಮೇಲೆ ಬ್ಯಾಂಕ್ ಸಾಲವಿದ್ದರೆ ಅದನ್ನು ಮುಚ್ಚಿಡಬೇಡಿ. ಕಂತು ತಪ್ಪಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮೊಕದ್ದಮೆ ಹೂಡದೆಯೇ ಮನೆಯನ್ನು ಹರಾಜಿಗೆ ತರಬಹುದು. ಆಗ ಬೀದಿಗೆ ಬೀಳುವುದು ತನ್ನ ಉಳಿತಾಯವನ್ನೆಲ್ಲ ನಿಮ್ಮ ಕೈಗಿಟ್ಟ ಕುಟುಂಬ. ಸಾಲ ತೀರುವವರೆಗೆ ಭೋಗ್ಯಕ್ಕೆ ಕೊಡಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ವರಮಾನದ ಲೆಕ್ಕ ಚಿಕ್ಕದು. ಮೂರು ಮನೆಯಿಂದ ವರ್ಷಕ್ಕೆ 5,40,000 ಎಂದು ಬರೆದುಕೊಳ್ಳುವ ಬದಲು ಹನ್ನೊಂದು ತಿಂಗಳಿಗೇ ಗುಣಿಸಿ, 4,95,000 ಎನ್ನಿ. ಒಂದು ತಿಂಗಳು ಖಾಲಿ ಇರುವುದು ಸಾಮಾನ್ಯ. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ಭಾಗಕ್ಕಿಂತ ಹೆಚ್ಚು. ಅದನ್ನೂ, ಮೋಟರ್ ರಿಪೇರಿ, ಸಂಪ್ ಶುಚಿ, ಬೇಸಿಗೆಯ ಟ್ಯಾಂಕರ್ ನೀರು ಇವನ್ನೂ ಕಳೆಯಿರಿ. ಆದಾಯ ತೆರಿಗೆಗೆ ಮಾತ್ರ ಈ ಖರ್ಚುಗಳ ರಸೀದಿ ಬೇಕಿಲ್ಲ; ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ ಶೇ 30ರಷ್ಟನ್ನು ಸರ್ಕಾರವೇ ಬಿಡುತ್ತದೆ.

ಕರಾರು ಪತ್ರವನ್ನು ಟೈಪಿಂಗ್ ಅಂಗಡಿಯ ಹಳೆಯ ನಮೂನೆಗೆ ಬಿಟ್ಟುಬಿಡಬೇಡಿ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮಿಬ್ಬರ ನಡುವೆ ಏನಾದರೂ ಬಂದರೆ ಮೊದಲು ನೋಡುವುದು ಆ ಪತ್ರವನ್ನೇ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ, ಎಷ್ಟು ದಿನ ಮುಂಚೆ ಹೇಳಬೇಕು, ಅಡ್ವಾನ್ಸ್ ಯಾವ ದಿನ ವಾಪಸು ಎಂದು ಅಂಕಿಯಲ್ಲೇ ಬರೆಸಿ. ಮನೆ ಸೇರುವ ದಿನ ಇಬ್ಬರೂ ಸುತ್ತಾಡಿ ನಲ್ಲಿ, ಸ್ವಿಚ್ಚು, ಗೋಡೆಗಳ ಫೋಟೊ ತೆಗೆದು, ಕರೆಂಟ್ ಮೀಟರಿನ ಅಂಕಿ ಬರೆದಿಡಿ. ಬಿಡುವ ದಿನ ಅದೇ ಫೋಟೊ ಹಿಡಿದು ಇನ್ನೊಮ್ಮೆ ನೋಡಿ, ಅವರು ಬೀಗದ ಕೈ ಕೊಡುವಾಗಲೇ ಉಳಿದ ಹಣವನ್ನು ಅವರ ಖಾತೆಗೆ ಹಾಕಿ.